ಮೊದಲ ಬದಿಯ ರೀಲು

ಆ ಮೇಡಂ ನಮ್ಮ ಅಂಗಡಿಗೆ ಬಂದಾಗ ಅವರ ಒಂದು ಕೈಯಲ್ಲಿ ಹೊಚ್ಚ ಹೊಸ ಎಲ್‌ಪಿ ರೆಕಾರ್ಡು, ಇನ್ನೊಂದು ಕೈಯಲ್ಲಿ ಹಗ್ಗ ಕಟ್ಟಿದ ಹಳೇ ರಟ್ಟಿನ ಪೆಟ್ಟಿಗೆ ಇತ್ತು. ರೆಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು, "ಇದು ನನ್ನ ತಂದೆಯ ಬ್ಯಾಂಡು. ಹಾಡಿದ್ದು ನನ್ನ ಚಿಕ್ಕಪ್ಪ. ಆದರೆ ಇದನ್ನು ಕೇಳಿದ ದಿನದಿಂದ ಅಪ್ಪ, ಇವನು ನನ್ನ ತಮ್ಮ ಅಲ್ಲ ಅಂತ ಒಂದೇ ಸಮನೆ ಹೇಳುತ್ತಿದ್ದಾರೆ" ಎಂದರು. ಕುವೈತಿನ ಇಂಗ್ಲಿಷ್ ಶಾಲೆಯೊಂದರಲ್ಲಿ ಟೀಚರು, ಬ್ರಿಟಿಷ್ ಹೆಂಗಸು. ಮಾತು ಮೆಲ್ಲಗೆ, ನಿಲ್ಲಿಸಿ ನಿಲ್ಲಿಸಿ. ಎದುರಿಗೆ ಕೂತವನು ದಡ್ಡನಿರಬಹುದು ಎಂಬ ಅನುಮಾನ ಇರುವವರು ಮಾತಾಡುವ ಹಾಗೆ. ನನಗೆ ಒಳಗೊಳಗೇ ಸಿಟ್ಟು ಬಂತು. ಅವರ ಅನುಮಾನ ತಪ್ಪಲ್ಲ ಎಂದು ಆಮೇಲೆ ನಾನೇ ಸಾಬೀತು ಮಾಡಿಕೊಟ್ಟೆ.

ಕುವೈತ್ ಸಿಟಿಯ ಹಳೇ ಪೇಟೆಯ, ಇಲ್ಲಿಯವರ ಬಾಯಲ್ಲಿ ಸೂಕಿನ, ಓಣಿಯೊಂದರಲ್ಲಿ, ಇರಾನಿಯೊಬ್ಬನ ಉಪ್ಪಿನಕಾಯಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮದು ಒಂದೂವರೆ ಕೋಣೆಯ ಅಂಗಡಿ. ಹಳೇ ಟೇಪು, ಕ್ಯಾಸೆಟ್ಟುಗಳಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿ ಕೊಡುವುದು ಕೆಲಸ. ಬರುವವರು ಹೆಚ್ಚಾಗಿ ಕುವೈತಿಗಳು: ಅಜ್ಜನ ಕಾಲದ ಊದ್ ಎಂಬ ತಂತಿವಾದ್ಯದ ವಾದನ, ದಿವಾನಿಯಾ ಎಂಬ ಗಂಡಸರ ಬೈಠಕ್ಕಿನಲ್ಲಿ ಯಾರೋ ಹೇಳಿದ ಪದ್ಯ, ಮದುವೆಯ ಹಾಡು. ನಮ್ಮೂರಿನವರೂ ಬರುತ್ತಾರೆ. ಜಾಬ್ರಿಯಾದ ಆಸ್ಪತ್ರೆಯಲ್ಲಿ ಕೆಲಸ ಮಾಡುವ, ಕಿನ್ನಿಗೋಳಿ ಕಡೆಯ ನರ್ಸ್ ಒಬ್ಬರು ತಮ್ಮ ತಂದೆ ಪಾತ್ರ ಮಾಡಿದ್ದ ಕೊಂಕಣಿ ನಾಟಕದ ಕ್ಯಾಸೆಟ್ಟನ್ನು ನನ್ನಿಂದ ಸರಿ ಮಾಡಿಸಿಕೊಂಡಿದ್ದರು. ಮೇಡಂ ಅವರನ್ನು ನನ್ನ ಹತ್ತಿರ ಕಳಿಸಿದ್ದೂ ಅವರೇ. ಮೇಡಂ ಅವರ ತಂದೆ ಅದೇ ಆಸ್ಪತ್ರೆಯಲ್ಲಿದ್ದರು. ಶ್ವಾಸಕೋಶ ಪೂರ್ತಿ ಕೆಟ್ಟಿತ್ತು.

ಕಥೆ ಇಷ್ಟು. ಅರವತ್ತರ ದಶಕದ ಕೊನೆಗೆ ಇಂಗ್ಲೆಂಡಿನ ಯಾವುದೋ ಸಣ್ಣ ಪಟ್ಟಣದ ಐವರು ಹುಡುಗರು ಸೇರಿ ಒಂದು ಎಲ್‌ಪಿ ಮಾಡಿದ್ದರು. ಸೈಕೆಡೆಲಿಕ್ ರಾಕ್ ಅಂತೆ. ಹೊದಿಕೆಯ ಮೇಲೆ ಮೀನಿನ ತಲೆಯ ಬಿಷಪ್ಪು ಕರಗುತ್ತಿರುವ ಗಡಿಯಾರ ಹಿಡಿದುಕೊಂಡು ನಿಂತಿದ್ದಾನೆ. ಅಣ್ಣ ಆರ್ಗನ್ ಬಾರಿಸಿದ್ದು, ತಮ್ಮ ಹಾಡಿದ್ದು. ರೆಕಾರ್ಡು ಹೊರಬಂದ ಕೆಲವೇ ತಿಂಗಳಲ್ಲಿ ಅದನ್ನು ಮಾಡಿದ ಕಂಪೆನಿ ಮುಚ್ಚಿತು. ಮರುವರ್ಷ ತಮ್ಮ ಮೋಟಾರ್ ಸೈಕಲ್ ಅಪಘಾತದಲ್ಲಿ ಸತ್ತ. ಅಣ್ಣ ಆರ್ಗನ್ ಮಾರಿ, ಮೀಟರು ವಾಲ್ವುಗಳ ಕೆಲಸ ಕಲಿತು, ಮೀನಾ ಅಲ್ ಅಹ್ಮದಿಯ ರಿಫೈನರಿಗೆ ಬಂದು ಮೂವತ್ತು ವರ್ಷ ದುಡಿದರು. ಮನೆಯಲ್ಲಿದ್ದ ಆ ಎಲ್‌ಪಿಯ ಒಂದು ಪ್ರತಿಯನ್ನು ಕೇಳಿ ಕೇಳಿ ಸವೆಸಿದ್ದು ಬಿಟ್ಟರೆ ಸಂಗೀತದ ಸುದ್ದಿಗೇ ಹೋಗಲಿಲ್ಲ. ಈಗ ಹಳೇ ರೆಕಾರ್ಡು ಸಂಗ್ರಹಿಸುವ ಹುಚ್ಚರು ಆ ಎಲ್‌ಪಿಯನ್ನು ಹುಡುಕಿ ತೆಗೆದು ಹೊಗಳತೊಡಗಿದ್ದರಿಂದ ಲಂಡನ್ನಿನ ಪುಟ್ಟ ಕಂಪೆನಿಯೊಂದು ಅದನ್ನು ಮರುಮುದ್ರಣ ಮಾಡಿತ್ತು. ಮೂಲ ಟೇಪು ಸಿಗದೆ, ಯಾರದೋ ಮನೆಯ ಸವೆದ ರೆಕಾರ್ಡಿನಿಂದಲೇ ಇಳಿಸಿಕೊಂಡಿದ್ದರು.

ನಾನು ರೆಕಾರ್ಡನ್ನು ಹಾಕಿ ಕೇಳಿದೆ. ಯಕ್ಷಗಾನ ಮತ್ತು ಹಳೇ ಹಿಂದಿ ಹಾಡು ಬಿಟ್ಟರೆ ಬೇರೇನೂ ಒಗ್ಗದ ನನ್ನ ಕಿವಿಗೆ ಮೊದಲು ಅದು ಮಿಕ್ಸಿಯಲ್ಲಿ ಬಳಪ ಹಾಕಿ ತಿರುಗಿಸಿದ ಹಾಗೆ ಕೇಳಿಸಿತು. ಆದರೂ ಮುದುಕರ ದೂರು ಸುಳ್ಳಲ್ಲ ಎಂದು ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಇಂಗ್ಲೆಂಡಿನ ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ. ಆಗಿನ ಸ್ಟುಡಿಯೋಗಳಲ್ಲಿ ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆಗಳಿಂದ ಆ ಕರೆಂಟಿನ ಗುಂಯ್ ಸದ್ದೂ ಹಾಡಿನ ಅಡಿಯಲ್ಲಿ ದಾಖಲಾಗುತ್ತಿತ್ತು. ಅದನ್ನು ಅಳೆದರೆ ವೇಗ ಸರಿಯಿದೆಯೋ ಇಲ್ಲವೋ ಹೇಳಬಹುದು. ಈ ರೆಕಾರ್ಡಿನಲ್ಲಿ ಅದು ಐವತ್ತೊಂದೂವರೆ ದಾಟಿತ್ತು. ಅಂದರೆ ಲಂಡನ್ನಿನವರು ಇಳಿಸಿಕೊಳ್ಳುವಾಗಲೇ ತಪ್ಪಾಗಿ, ಇಡೀ ಎಲ್‌ಪಿ ನೂರಕ್ಕೆ ಮೂರರಷ್ಟು ವೇಗವಾಗಿ ಓಡುತ್ತಿತ್ತು. ಇಪ್ಪತ್ತೆರಡರ ಯುವಕನ ಸ್ವರ ಹೈಸ್ಕೂಲ್ ಹುಡುಗನದಾಗಿತ್ತು. ಇದನ್ನು ಹೇಳಿದಾಗ ಮೇಡಂ ಕಣ್ಣಲ್ಲಿ ನನ್ನ ಬಗ್ಗೆ ಸ್ವಲ್ಪ ಗೌರವ ಬಂತು. ನಾನೂ ಉಬ್ಬಿದೆ.

ಆಗ ಅವರು ಪೆಟ್ಟಿಗೆಯ ಹಗ್ಗ ಬಿಚ್ಚಿದರು. ಒಳಗೆ ಹತ್ತೂವರೆ ಇಂಚಿನ ಎರಡು ರೀಲು, ಎಲ್‌ಪಿಯ ಒಂದೊಂದು ಬದಿಗೆ ಒಂದೊಂದು. ಲಂಡನ್ ಕಂಪೆನಿಗೆ ಸಿಗದಿದ್ದ ಮೂಲ ಟೇಪು! ಸ್ಟುಡಿಯೋದವರು ಎಸೆಯುವ ಮೊದಲು ಅಣ್ಣ ಎತ್ತಿಕೊಂಡು ಹೋಗಿದ್ದರು. ಆಮೇಲೆ ಅದನ್ನು ಯಾವತ್ತೂ ಕೇಳಲಿಲ್ಲ. ನುಡಿಸುವ ಯಂತ್ರವೇ ಅವರಲ್ಲಿರಲಿಲ್ಲ. ಮನೆ ಬದಲಿಸಿದಾಗಲೆಲ್ಲ ಪೆಟ್ಟಿಗೆ ಜೊತೆಗೆ ಬರುತ್ತಿತ್ತು. ಕೊನೆಯ ಹತ್ತಾರು ಬೇಸಿಗೆಯನ್ನು ಅದು ಏಸಿ ಇಲ್ಲದ ಹೊರಗಿನ ಸಾಮಾನು ಕೋಣೆಯಲ್ಲಿ ಕಳೆದಿತ್ತು.

"ನೀವು ಇದನ್ನು ಇಳಿಸಿಕೊಟ್ಟರೆ, ಅಪ್ಪ ಕೇಳಿ ಸರಿ ಅಂದರೆ, ಲಂಡನ್ನಿನವರು ಎರಡನೇ ಮುದ್ರಣ ಇದರಿಂದ ಮಾಡುತ್ತಾರಂತೆ" ಎಂದರು ಮೇಡಂ. "ಮುದ್ರಣ ಆಗದಿದ್ದರೂ ಪರವಾಗಿಲ್ಲ. ಅಪ್ಪನಿಗೆ ತಮ್ಮನ ಸ್ವರ ಒಂದು ಸಲ ಸರಿಯಾಗಿ ಕೇಳಬೇಕು. ಡಾಕ್ಟರು ವಾರಗಳ ಲೆಕ್ಕದಲ್ಲಿ ಮಾತಾಡುತ್ತಿದ್ದಾರೆ." ಆಮೇಲೆ ಮೂಗು ಸೊಟ್ಟ ಮಾಡಿ, "ಇದೇನಿದು, ನಮ್ಮೂರಿನ ಫಿಶ್ ಅಂಡ್ ಚಿಪ್ಸ್ ಅಂಗಡಿಯ ಹಾಗೆ ವಿನೆಗರ್ ವಾಸನೆ?" ಎಂದರು.

ನಾನು ನಕ್ಕು, "ಕೆಳಗೆ ಉಪ್ಪಿನಕಾಯಿ ಅಂಗಡಿ ಮೇಡಂ, ಇಡೀ ಕಟ್ಟಡವೇ ಹೀಗೆ" ಎಂದೆ.

ನಮ್ಮ ಕಸುಬಿನಲ್ಲಿ ಇರುವವರು ಈ ವಾಕ್ಯ ಓದಿ ತಲೆ ಚಚ್ಚಿಕೊಳ್ಳಬಹುದು. ಉಳಿದವರಿಗಾಗಿ ಹೇಳುತ್ತೇನೆ. ಎಪ್ಪತ್ತು ಎಂಬತ್ತರ ದಶಕದ ಟೇಪುಗಳಿಗೆ ಅಂಟುವ ರೋಗ ಬರುತ್ತದೆ. ತೇವ ಹೀರಿ, ಯಂತ್ರದಲ್ಲಿ ಹಾಕಿದರೆ ಬೆಲ್ಲದ ಪಾಕದ ಹಾಗೆ ಎಳೆಯುತ್ತವೆ. ಅದಕ್ಕೆ ಮದ್ದು ಬಿಸಿ. ಹಣ್ಣು ಒಣಗಿಸುವ ಯಂತ್ರದಲ್ಲಿಟ್ಟು ಐವತ್ತನಾಲ್ಕು ಡಿಗ್ರಿಯಲ್ಲಿ ಎಂಟು ಗಂಟೆ ಒಣಗಿಸಿದರೆ ಕೆಲವು ವಾರ ಚೆನ್ನಾಗಿ ಓಡುತ್ತವೆ. ಕುವೈತಿನಲ್ಲಿ ನನ್ನ ಕೈಗೆ ಬರುವ ನೂರರಲ್ಲಿ ತೊಂಬತ್ತು ರೀಲು ಆ ಕಾಲದವೇ. ಆದರೆ ಅದಕ್ಕೂ ಹಿಂದಿನ ಟೇಪುಗಳಲ್ಲಿ ಅಸಿಟೇಟ್ ಎಂಬ ಬೇರೆ ಜಾತಿಯಿದೆ. ಅದು ಮುದಿಯಾಗಿ ಕೊಳೆಯತೊಡಗಿದರೆ ವಿನೆಗರ್ ವಾಸನೆ ಬರುತ್ತದೆ. ಅದಕ್ಕೆ ಬಿಸಿ ತೋರಿಸಿದರೆ ಮುಗಿಯಿತು. ಯಾವ ಜಾತಿ ಎಂದು ತಿಳಿಯಲು ರೀಲನ್ನು ಬಲ್ಬಿನ ಎದುರು ಹಿಡಿದರೆ ಸಾಕು: ಬೆಳಕು ಹಾದು ಬಂದರೆ ಅಸಿಟೇಟ್, ಬಾರದಿದ್ದರೆ ಮತ್ತೊಂದು. ಐದು ಸೆಕೆಂಡಿನ ಕೆಲಸ.

ಆ ಐದು ಸೆಕೆಂಡು ನಾನು ಕೊಡಲಿಲ್ಲ. ರೀಲಿನ ವಯಸ್ಸು ಗೊತ್ತಿತ್ತು, ವಾಸನೆಯ ಬಗ್ಗೆ ಗಿರಾಕಿಯೇ ಎಚ್ಚರಿಸಿದ್ದರು. ನನ್ನ ಮೂಗಿಗೆ ಮಾತ್ರ ಏನೂ ಅನ್ನಿಸಲಿಲ್ಲ, ಏಕೆಂದರೆ ಹನ್ನೊಂದು ವರ್ಷದಿಂದ ಆ ವಾಸನೆಯಲ್ಲೇ ಊಟ ಮಾಡುತ್ತಿದ್ದೇನೆ. ಪೆಟ್ಟಿಗೆ ಹೊತ್ತು ಸೆಖೆಯಲ್ಲಿ ಬಂದದ್ದರಿಂದ ರೀಲು ಮುಟ್ಟಿದರೆ ಸ್ವಲ್ಪ ಅಂಟಿದಂತಾಯಿತು. ಅಂಟುವ ರೋಗ ಎಂದು ತೀರ್ಮಾನಿಸಿದೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಮೊದಲ ಬದಿಯ ರೀಲನ್ನು ಒಣಗಿಸುವ ಯಂತ್ರದೊಳಗೆ ಇಟ್ಟು, ಗಡಿಯಾರ ತಿರುಗಿಸಿ, ಚಹಾ ಕುಡಿಯಲು ಹೋದೆ. ಯಂತ್ರದಲ್ಲಿ ಒಂದು ಸಲಕ್ಕೆ ಒಂದೇ ದೊಡ್ಡ ರೀಲು ಹಿಡಿಸುತ್ತದೆ. ಎರಡನೆಯದು ಉಳಿದದ್ದು ಅಷ್ಟರಿಂದಲೇ. ನನ್ನ ಬುದ್ಧಿಯಿಂದಲ್ಲ.

ಎರಡೆರಡು ಗಂಟೆಗೊಮ್ಮೆ ರೀಲನ್ನು ಮಗುಚಿ ಹಾಕಬೇಕು. ಮೊದಲ ಸಲ ಮಗುಚಿದಾಗಲೂ ಮುಖಕ್ಕೆ ಹುಳಿ ಘಾಟು ಬಡಿಯಿತು. ಕೆಳಗೆ ಹೊಸ ಭರಣಿ ತೆರೆದಿರಬೇಕು ಅಂದುಕೊಂಡೆ. ಸಂಜೆ ನಾಲ್ಕಕ್ಕೆ ಮುಚ್ಚಳ ತೆಗೆದು ರೀಲು ಎತ್ತಿದೆ. ಸುತ್ತು ಸಮನಾಗಿರಲಿಲ್ಲ, ಮಧ್ಯದಿಂದ ಅಂಚಿನವರೆಗೆ ಏರುತಗ್ಗು ಎದ್ದಿದ್ದವು. ಟೇಪಿನ ತುದಿ ಎಳೆದೆ. ಒಣಗಿದ ಬಾಳೆನಾರಿನಂತೆ ಸುರುಟಿಕೊಂಡಿತ್ತು. ಇನ್ನೊಂದು ಚೂರು ಎಳೆದಾಗ ಪಟ್ಟೆಂದು ಮುರಿಯಿತು. ಎಳೆದು ತುಂಡಾದದ್ದಲ್ಲ, ಕಡ್ಡಿ ಮುರಿದ ಹಾಗೆ ಮುರಿದದ್ದು. ಆಗ ಎರಡನೇ ರೀಲನ್ನು ಎತ್ತಿ ಬಲ್ಬಿಗೆ ಹಿಡಿದೆ. ಸುತ್ತುಗಳ ನಡುವಿನಿಂದ ಕಂದು ಬಣ್ಣದ ಬೆಳಕು ಹಾದು ಬಂತು. ಅದನ್ನು ಮೆಲ್ಲಗೆ ಪೆಟ್ಟಿಗೆಯೊಳಗೆ ಇಟ್ಟು, ಒಣಗಿಸುವ ಯಂತ್ರದ ಪ್ಲಗ್ಗು ಕಿತ್ತೆ.

ಮುಂದಿನ ಹತ್ತು ದಿನ ನಾನು ಮೇಡಂ ಅವರ ಫೋನಿಗೆಲ್ಲ "ಕೆಲಸ ನಡೆಯುತ್ತಿದೆ" ಎಂದೇ ಉತ್ತರ ಕೊಟ್ಟೆ. ಸುಳ್ಳಲ್ಲ, ನಡೆಯುತ್ತಿತ್ತು. ರೀಲನ್ನು ಎರಡು ದಿನ ತಂಪಾದ ಜಾಗದಲ್ಲಿ ಮಲಗಿಸಿದೆ. ಮೋಟಾರು ಮುಟ್ಟದೆ ಕೈಯಿಂದಲೇ ಬಿಚ್ಚಲು ಕೂತೆ. ಹತ್ತಿಯ ಕೈಗವಸು ಹಾಕಿ, ಗೇಣು ಗೇಣಾಗಿ. ಸ್ಟುಡಿಯೋದವರು ಹಾಡುಗಳ ನಡುವೆ ಹಾಕಿದ್ದ ಜೋಡಣೆಯ ಅಂಟೆಲ್ಲ ಹೊಟ್ಟಾಗಿ ಉದುರಿತು. ಇಪ್ಪತ್ತು ನಿಮಿಷದ ಟೇಪು ಅರವತ್ತಕ್ಕಿಂತ ಹೆಚ್ಚು ತುಂಡಾಯಿತು. ಒಂದೊಂದನ್ನೂ ಜೋಡಿಸಿ ಟೇಪು ನುಡಿಸುವ ಯಂತ್ರಕ್ಕೆ ಕೊಟ್ಟರೆ, ಸುರುಟಿದ ಅಂಚು ಸದ್ದು ಓದುವ ತಲೆಗೆ, ಅಂದರೆ ಹೆಡ್ಡಿಗೆ, ತಾಗದೆ ಮೇಲೆದ್ದು ನಿಲ್ಲುತ್ತಿತ್ತು. ಹತ್ತಿ ಸುತ್ತಿದ ಕಡ್ಡಿಯಿಂದ ಒತ್ತಿ ಹಿಡಿದೆ. ಒತ್ತಿದಲ್ಲಿ ಒಂದು ಕ್ಷಣ ಸ್ವರ ಬಂದು, ಮುಂದಿನ ಕ್ಷಣ ಬಾವಿಯೊಳಗೆ ಮುಳುಗಿದಂತೆ ಮರೆಯಾಗುತ್ತಿತ್ತು. ಕೊನೆಗೆ ಕೈಗೆ ಸಿಕ್ಕಿದ್ದು ಆರ್ಗನ್ನಿನ ನಾಲ್ಕೈದು ಸೆಕೆಂಡು, ಡ್ರಮ್ಮಿನ ಒಂದು ಏಟು, ಅರ್ಥವಾಗದ ಎರಡು ಪದ. ಬೇರೇನೂ ಇಲ್ಲ.

ಅಂಗಡಿಯ ಮಾಲೀಕರಿಗೆ ಹೇಳಲೇಬೇಕಾಯಿತು. ಕುವೈತಿ, ನನ್ನ ವೀಸಾಕ್ಕೆ ಹೊಣೆಯಾದ ಕಫೀಲ್, ಒಳ್ಳೆಯ ಮನುಷ್ಯರೇ. ಊದ್ ಕೇಳುತ್ತ ಕಣ್ಣೀರು ಹಾಕುವವರು. ಅವರು ಬೈಯಲಿಲ್ಲ. ಮುರಿದ ತುಂಡೊಂದನ್ನು ಬೆರಳಲ್ಲಿ ತಿರುಗಿಸಿ ನೋಡಿ, ತಮ್ಮ ಅರೆಬರೆ ಹಿಂದಿಯಲ್ಲಿ, "ಶೂಫ್ ಉಸ್ತಾದ್, ನಯಾ ರೆಕಾರ್ಡ್ ಹೈ ನಾ? ಸ್ಪೀಡ್ ಠೀಕ್ ಕರೋ, ಸಾಫ್ ಕರೋ, ದೇ ದೋ. ಖಲಾಸ್" ಎಂದರು. ಹೊಸ ರೆಕಾರ್ಡನ್ನೇ ಸರಿಮಾಡಿ, ಟೇಪಿನದು ಎಂದು ಕೊಟ್ಟು ಮುಗಿಸು ಅಂತ.

"ಅದು ಮೋಸ, ಬಾಬಾ" ಎಂದೆ.

"ಮೋಸ ಆಗಿ ಮುಗಿದಿದೆ, ಆ ಯಂತ್ರದೊಳಗೆ" ಎಂದು ಒಣಗಿಸುವ ಯಂತ್ರವನ್ನು ತೋರಿಸಿದರು.

ಮೊದಲು ಎರಡನೇ ರೀಲನ್ನಾದರೂ ಉಳಿಸೋಣ ಎಂದು ಅದನ್ನು ಮುಟ್ಟಿದೆ. ಬಿಸಿ ಇಲ್ಲ, ಅವಸರ ಇಲ್ಲ. ಯಂತ್ರದ ಎಳೆತವನ್ನು ಅರ್ಧಕ್ಕೆ ಇಳಿಸಿದೆ, ತಲೆಯನ್ನು ಪ್ರತಿ ಹಾಡಿಗೂ ಒರೆಸಿದೆ. ಎರಡು ಕಡೆ ಮುರಿಯಿತು, ಜೋಡಿಸಿದೆ. ಐದು ಹಾಡೂ ಬಂದವು. ಕರೆಂಟಿನ ಗುಂಯ್ ಅಳೆದರೆ ಐವತ್ತಕ್ಕೆ ಸರಿಯಾಗಿ ಕೂತಿತು. ನಾನು ಆ ಸ್ವರ ಕೇಳಿ ಬೆರಗಾದೆ ಎಂದು ಹೇಳಲೇಬೇಕು. ರೆಕಾರ್ಡಿನಲ್ಲಿ ಕಿರಿಚುತ್ತಿದ್ದ ಹುಡುಗ ಇಲ್ಲಿ ಎದುರು ಕುರ್ಚಿಯಲ್ಲಿ ಕೂತ ಹಾಗಿದ್ದ. ನಾಲಿಗೆ ಹಲ್ಲಿಗೆ ತಾಗುವುದು, ಸಾಲು ಎತ್ತುವ ಮೊದಲು ಮೂಗಿನಲ್ಲಿ ಎರಡು ಸಲ ಸುರ್ ಸುರ್ ಎಂದು ಉಸಿರೆಳೆಯುವುದು, ಎಲ್ಲ ಕೇಳಿಸುತ್ತಿತ್ತು. ಒಂದು ಹಾಡಿನ ಕೊನೆಗೆ ಅವನು ನಕ್ಕದ್ದೂ ಇತ್ತು. ನನಗೆ ಆ ಬ್ಯಾಂಡು ಇಷ್ಟವಾಗಿದ್ದು ಅವತ್ತು. ಅದೇ ಕಾರಣಕ್ಕೆ ಮೊದಲ ರೀಲಿನ ನೋವು ಇನ್ನೂ ಹೆಚ್ಚಾಯಿತು.

ಮಾಲೀಕರ ಮಾತು ಕೇಳಬಾರದು, ನಿಜ ಹೇಳಿಬಿಡಬೇಕು ಎಂದು ಒಂದು ಶನಿವಾರ ಬಸ್ಸು ಹತ್ತಿ ಜಾಬ್ರಿಯಾಕ್ಕೆ ಹೋದೆ. ವಾರ್ಡಿನ ಬಾಗಿಲಲ್ಲೇ ಕಿನ್ನಿಗೋಳಿಯ ನರ್ಸ್ ಸಿಕ್ಕಿದರು. ನನ್ನ ಮುಖ ನೋಡಿಯೇ ಅವರಿಗೆ ಏನೋ ಅಂದಾಜಾಯಿತು. ಕಾರಿಡಾರಿನ ಮೂಲೆಯಲ್ಲಿ ನಿಂತು ಎಲ್ಲ ಹೇಳಿದೆ.

"ಅಯ್ಯೋ ದೇವ್ರೇ" ಎಂದರು ಅವರು. "ಅಣ್ಣ, ನೀವು ಈಗ ಒಳಗೆ ಹೋಗಿ ಅವ್ರತ್ರ ಇದನ್ನು ಹೇಳ್ಲಿಕ್ಕೆ ಬಂದದ್ದಾ? ಅವ್ರಿಗೆ ಉಸಿರು ತೆಗೀಲಿಕ್ಕೇ ಆಗುದಿಲ್ಲ ಮಾರಾಯ್ರೇ. ದಿನಾ ಕೇಳ್ತಾರೆ, ಟೇಪ್ ಬಂತಾ, ಟೇಪ್ ಬಂತಾ ಅಂತ."

"ಹೇಳದೆ ಎಂತ ಮಾಡುದು ಸಿಸ್ಟರ್? ಸುಳ್ಳು ಹೇಳುದಾ?"

"ನಂಗೊತ್ತಿಲ್ಲ. ಮಗಳತ್ರ ಹೇಳಿ. ಅವ್ರು ಎಂತ ಹೇಳ್ತಾರೋ ಹಾಗೆ ಮಾಡಿ. ಅಪ್ಪನತ್ರ ಮಾತ್ರ ಬೇಡ."

ಮೇಡಂ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಬಲ್ಬಿಗೆ ಹಿಡಿಯದೇ ಇದ್ದದ್ದು, ವಾಸನೆಯ ಬಗ್ಗೆ ಅವರು ಕೇಳಿದಾಗ ನಾನು ನಕ್ಕದ್ದು, ಎಂಟು ಗಂಟೆಯ ಬಿಸಿ, ಅರವತ್ತು ಚಿಲ್ಲರೆ ತುಂಡು. ಯಾವುದನ್ನೂ ಬಿಡಲಿಲ್ಲ. ಅವರು ಕೆಂಪು ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದರು.

"ನಾನು ವಾಸನೆ ಬರುತ್ತಿದೆ ಅಂತ ಹೇಳಿದ್ದೆ" ಎಂದರು.

"ಹೇಳಿದ್ದಿರಿ, ಮೇಡಂ."

"ಈಗ ನೀವು ಮೇಲೆ ಹೋಗಿ ಅಪ್ಪನ ಹತ್ತಿರ ಕ್ಷಮೆ ಕೇಳಬೇಕು ಅಂತಿದ್ದೀರಿ, ಅಲ್ಲವಾ? ಕ್ಷಮೆ ಕೇಳಿದ ಮೇಲೆ ನೀವು ಮನೆಗೆ ಹೋಗಿ ಮಲಗುತ್ತೀರಿ. ಅವರು ಅದನ್ನು ಎದೆಯ ಮೇಲಿಟ್ಟುಕೊಂಡು ಸಾಯಬೇಕು." ಸ್ವರ ಏರಲಿಲ್ಲ. ಮೊದಲ ದಿನದ ಹಾಗೇ ನಿಲ್ಲಿಸಿ ನಿಲ್ಲಿಸಿ ಮಾತಾಡಿದರು. "ಆ ಹೊಸ ರೆಕಾರ್ಡಿನಿಂದ ಮೊದಲ ಬದಿಯನ್ನು ಸರಿಯಾದ ವೇಗಕ್ಕೆ ತರಲು ನಿಮಗೆ ಆಗುತ್ತದೆಯಾ?"

"ಆಗುತ್ತದೆ."

"ಹಾಗಾದರೆ ಮಾಡಿ. ಗುರುವಾರದೊಳಗೆ ತನ್ನಿ."

ಮಾಲೀಕರು ಹೇಳಿದಾಗ ಮೋಸ ಎಂದಿದ್ದ ಕೆಲಸಕ್ಕೆ ಮಗಳು ಹೇಳಿದ ಮೇಲೆ ನಾನು ತಲೆಯಾಡಿಸಿ ಬಂದೆ. ಆ ನಾಲ್ಕು ದಿನ ನಾನು ಮಾಡಿದ ಕೆಲಸ ನನ್ನ ಕಸುಬಿನಲ್ಲೇ ಅತ್ಯಂತ ನಾಜೂಕಿನದು. ಹೊಸ ರೆಕಾರ್ಡಿನ ಮೊದಲ ಬದಿಯನ್ನು ಇಳಿಸಿಕೊಂಡು ಗುಂಯ್ ಸದ್ದನ್ನು ಐವತ್ತಕ್ಕೆ ತಂದೆ. ಹಳೇ ರೆಕಾರ್ಡಿನ ಗೀರುಗಳ ಟಕ್ ಟಕ್ಕನ್ನು ಒಂದೊಂದಾಗಿ ಕೈಯಿಂದ ಕಿತ್ತೆ. ಸೂಜಿಯ ಸರಸರ ಸದ್ದು ತೆಗೆಯುವ ಸಾಫ್ಟ್‌ವೇರಿಗೆ ಹಾಕಿದರೆ ಅದರ ಜೊತೆಗೆ ಸ್ವರದ ಅಂಚೂ ಸವೆಯುತ್ತದೆ, ಮೆದುವಾಗುತ್ತದೆ. ಆಗಲಿ ಎಂದು ಬಿಟ್ಟೆ. ಮುದುಕರ ಕಿವಿಗೆ ಅಷ್ಟು ತಿಳಿಯಲಿಕ್ಕಿಲ್ಲ ಎಂಬ ಧೈರ್ಯ.

ಗುರುವಾರ ಮಧ್ಯಾಹ್ನ ಲ್ಯಾಪ್‌ಟಾಪು, ಒಳ್ಳೆಯ ಹೆಡ್‌ಫೋನು ಹಿಡಿದು ಹೋದೆ. ನಾನು ಅವರನ್ನು ಕಂಡದ್ದು ಅದೇ ಮೊದಲು. ಉದ್ದ ಮನುಷ್ಯ, ಮಂಚಕ್ಕೆ ಸಾಲದಷ್ಟು. ಕೈಬೆರಳು ಇನ್ನೂ ಚೆನ್ನಾಗಿದ್ದವು. ನರ್ಸ್ ಆಕ್ಸಿಜನ್ ನಳಿಗೆಯ ಮೇಲಿಂದ ಹೆಡ್‌ಫೋನು ಹಾಕಿಕೊಟ್ಟರು. ಮೇಡಂ ಕಿಟಕಿಯ ಹತ್ತಿರ ನಿಂತರು, ನನ್ನ ಕಡೆ ನೋಡದೆ. ನಾನು ಮೊದಲ ಬದಿ ಹಾಕಿದೆ.

ಎರಡನೇ ಸಾಲಿಗೇ ಅವರ ಮುಖ ಬದಲಾಯಿತು. ಬಾಯಿ ತೆರೆಯಿತು. ಹೊದಿಕೆಯ ಮೇಲೆ ಎರಡೂ ಕೈಯ ಬೆರಳು ಆಡತೊಡಗಿದವು. ಆರ್ಗನ್ನಿನ ಭಾಗ ಬಂದಾಗ ಸರಿಯಾಗಿ ಅದರ ಜೊತೆಗೇ ಆಡಿದವು. ಕಣ್ಣಿಂದ ನೀರು ಕಿವಿಯವರೆಗೆ ಇಳಿದು ಹೆಡ್‌ಫೋನಿನ ಮೆತ್ತೆಯಲ್ಲಿ ಇಂಗುತ್ತಿತ್ತು. ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡು, "ಇವನೇ. ಇವನೇ ನನ್ನ ತಮ್ಮ. ನೀವು ನನಗೆ ಏನು ಮಾಡಿಕೊಟ್ಟಿದ್ದೀರಿ ಅಂತ ನಿಮಗೆ ಗೊತ್ತಿಲ್ಲ" ಎಂದರು. ನಾನು ಕೈ ಬಿಡಿಸಿಕೊಳ್ಳಲೂ ಆಗದೆ, ಹಿಡಿಯಲೂ ಆಗದೆ ನಿಂತೆ. ಆ ಹೊತ್ತಿನಲ್ಲಿ ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಆಮೇಲೆ ಎರಡನೇ ಬದಿ ಹಾಕಿದೆ. ಇದು ನಿಜವಾದ ಟೇಪು. ಇದನ್ನು ಕೇಳಿಸುವಾಗಲಾದರೂ ತಲೆಯೆತ್ತಿ ನಿಲ್ಲಬಹುದು ಅಂದುಕೊಂಡಿದ್ದೆ. ಮೊದಲ ಹಾಡಿನ ಅರ್ಧಕ್ಕೇ ಅವರ ಹುಬ್ಬು ಗಂಟಾಯಿತು. ಕೈ ಎತ್ತಿ ನಿಲ್ಲಿಸಲು ಹೇಳಿದರು.

"ಇದಕ್ಕೆ ಏನು ಮಾಡಿದ್ದೀರಿ?"

"ಏನೂ ಮಾಡಿಲ್ಲ ಸರ್."

"ಇದು ಅವನಲ್ಲ. ಇದು ಬಹಳ... ಹರಿತವಾಗಿದೆ. ಮತ್ತೆ ಈ ಸುರ್ ಸುರ್ ಏನು? ಹಾಡುವ ಮುಂಚೆ ಯಾರೋ ಮೂಗು ಎಳೆಯುತ್ತಾರೆ. ಅವನು ಹಾಗೆ ಯಾವತ್ತೂ ಮಾಡುತ್ತಿರಲಿಲ್ಲ. ಮೊದಲನೆಯದು ಎಷ್ಟು ಚೆನ್ನಾಗಿ ಮಾಡಿದ್ದೀರಿ, ಇದನ್ನು ಹಾಳು ಮಾಡಿದ್ದೀರಿ."

ನನಗೆ ಆಗ ಅರ್ಥವಾಯಿತು. ತಮ್ಮ ಸತ್ತ ಮೇಲೆ ಇವರು ವರ್ಷಗಟ್ಟಲೆ ಮನೆಯಲ್ಲಿದ್ದ ಆ ಹಳೇ ರೆಕಾರ್ಡನ್ನು ಸವೆಯುವವರೆಗೆ ಕೇಳಿದ್ದಾರೆ. ಇವರಿಗೆ ನೆನಪಿರುವುದು ತಮ್ಮನಲ್ಲ, ಉಸಿರೆಲ್ಲ ಸರಸರ ಸದ್ದಿನಡಿ ಮುಚ್ಚಿಹೋದ ಆ ರೆಕಾರ್ಡು. ನಾನು ಸವೆಸಿ ಮೆದುಮಾಡಿ ಕೊಟ್ಟದ್ದು ಅದಕ್ಕೆ ಹತ್ತಿರ ಬಂದಿದೆ. ಟೇಪಿನೊಳಗೆ ಉಸಿರಾಡುತ್ತಿರುವ ಹುಡುಗ ಇವರಿಗೆ ಅಪರಿಚಿತ. ನಾನು ಮೇಡಂ ಕಡೆ ನೋಡಿದೆ. ಅವರು ಕಿಟಕಿಯಿಂದ ತಿರುಗಿ ತಲೆಯನ್ನು ಸ್ವಲ್ಪವೇ ಅಲ್ಲಾಡಿಸಿದರು: ಬೇಡ.

"ಹೌದು ಸರ್, ಇದರಲ್ಲಿ ನನ್ನಿಂದ ತಪ್ಪಾಗಿದೆ" ಎಂದೆ. "ಸರಿ ಮಾಡಿ ತರುತ್ತೇನೆ."

ಸುಟ್ಟ ರೀಲಿಗೆ ಶಹಭಾಸ್, ಉಳಿಸಿದ ರೀಲಿಗೆ ಬೈಗುಳ. ಅಂಗಡಿಗೆ ಬಂದು ಆ ಐದು ಹಾಡುಗಳಿಗೂ ಅದೇ ಸಾಫ್ಟ್‌ವೇರು ಹಾಕಿದೆ. ಮೇಲಿನ ಹರಿತವನ್ನು ಕತ್ತರಿಸಿದೆ. ಪ್ರತಿ ಸಾಲಿನ ಮೊದಲಿನ ಉಸಿರನ್ನು ಒಂದೊಂದಾಗಿ ಗುರುತು ಹಾಕಿ ಅಳಿಸಿದೆ. ಕೊನೆಯ ನಗುವನ್ನೂ. ನೂರಕ್ಕೂ ಹೆಚ್ಚು ಉಸಿರು ಅಳಿಸಿದ ಮೇಲೆ ಊಟ ಸೇರಲಿಲ್ಲ. ಅಳಿಸದ ಮೂಲ ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ ಇಟ್ಟೆ.

ಭಾನುವಾರ ಅದನ್ನು ಕೇಳಿ ಮುದುಕರು, "ಈಗ ಸರಿಯಾಯಿತು" ಎಂದರು. ಎರಡೂ ಬದಿ ತಮಗೆ ಒಪ್ಪಿಗೆ ಎಂದು ಲಂಡನ್ನಿನವರಿಗೆ ಮಗಳ ಕೈಯಿಂದ ಬರೆಸಿ ಸಹಿ ಹಾಕಿದರು. ಎಂಟು ದಿನದ ನಂತರ ನರ್ಸ್ ಫೋನು ಮಾಡಿದರು. "ಅಣ್ಣ, ಅವ್ರು ಬೆಳಿಗ್ಗೆ ಹೋದ್ರು. ಹೆಡ್‌ಫೋನ್ ಹತ್ರವೇ ಇತ್ತು. ನಿಮ್ಮಿಂದ ಅವ್ರಿಗೊಂದು ಸಮಾಧಾನ ಆಯ್ತು, ಅಷ್ಟು ತಿಳ್ಕೊಳ್ಳಿ." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಸಮಾಧಾನ ಆಗಲಿಲ್ಲ.

ಇನ್ನು ಉಳಿದದ್ದು ಲಂಡನ್ನಿಗೆ ಕಳಿಸುವುದು. ಮುದುಕರು ಒಪ್ಪಿದ್ದ ಫೋಲ್ಡರನ್ನು ಎತ್ತಿ ಕಳಿಸಿದ್ದರೆ ಮುಗಿಯುತ್ತಿತ್ತು. 'ಮೂಲ ಟೇಪಿನಿಂದ' ಎಂದು ಹೊದಿಕೆಯ ಮೇಲೆ ಅಚ್ಚಾಗುತ್ತಿತ್ತು, ವೇಗ ಸರಿಯಿರುತ್ತಿತ್ತು, ಯಾರಿಗೂ ನಷ್ಟವಿಲ್ಲ. ಮೂರು ದಿನ ಕೂತು ಯೋಚಿಸಿದೆ. ಸಾಯುವವರ ಕಿವಿಗೆ ಸುಳ್ಳು ಹೇಳಲು ಮಗಳ ಅಪ್ಪಣೆ ಇತ್ತು. ಇನ್ನು ಮುಂದೆ ಕೇಳುವವರಿಗೆಲ್ಲ ಸುಳ್ಳು ಹೇಳಲು ನನಗೆ ಅಪ್ಪಣೆ ಕೊಟ್ಟವರಿಲ್ಲ. ಎಲ್ಲವನ್ನೂ ಕಳಿಸಿದೆ: ಸರಿಪಡಿಸಿದ ಮೊದಲ ಬದಿ, ಅಳಿಸಿದ ಮತ್ತು ಅಳಿಸದ ಎರಡನೇ ಬದಿ, ಮುರಿದ ತುಂಡುಗಳ ಫೋಟೋ. ಜೊತೆಗೆ ಒಂದು ಪುಟದ ಪತ್ರ, ನನ್ನ ತಪ್ಪಿನಿಂದಲೇ ಶುರುವಾಗುವಂಥದ್ದು. ಮೇಡಂ ಅವರಿಗೂ ಅದರ ಪ್ರತಿ ಹಾಕಿದೆ.

ಲಂಡನ್ನಿನಿಂದ ನಾಲ್ಕು ಸಾಲಿನ ಉತ್ತರ ಬಂತು. ಪ್ರಾಮಾಣಿಕತೆಗೆ ಧನ್ಯವಾದ, ಅರ್ಧ ಟೇಪಿನಿಂದ ಹೊಸ ಮುದ್ರಣ ಮಾಡುವುದು ಕಷ್ಟ, ಕೈಬಿಟ್ಟಿದ್ದೇವೆ. ಅಂದರೆ ಆ ವೇಗವಾಗಿ ಓಡುವ ರೆಕಾರ್ಡೇ ಈಗಲೂ ಮಾರಾಟದಲ್ಲಿದೆ. ಮಾಲೀಕರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ರೀಲುಗಳಿಂದ ತೆಗೆದರು. ನಾನೀಗ ಮದುವೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಇಳಿಸುತ್ತೇನೆ.

ಒಂದು ಶನಿವಾರ ಬೆಳಿಗ್ಗೆ ಮೇಡಂ ಪೆಟ್ಟಿಗೆ ವಾಪಸು ಪಡೆಯಲು ಬಂದರು. ಕೂರಲಿಲ್ಲ. "ನಿಮ್ಮ ಪತ್ರದಿಂದ ಅಪ್ಪನ ಸಹಿಗೆ ಬೆಲೆಯಿಲ್ಲದ ಹಾಗಾಯಿತು" ಎಂದರು. ನಾನು ಒಪ್ಪಿಕೊಂಡೆ. ಮುರಿದ ತುಂಡುಗಳ ಲಕೋಟೆ, ಎರಡನೇ ರೀಲು ಎಲ್ಲವನ್ನೂ ಪೆಟ್ಟಿಗೆಯೊಳಗೆ ಇಟ್ಟು, ಪೆನ್ ಡ್ರೈವ್ ಕೊಟ್ಟೆ.

"ಇದರಲ್ಲಿ ಆಸ್ಪತ್ರೆಯಲ್ಲಿ ಕೇಳಿಸಿದ್ದು ಇದೆ. ಅಳಿಸದೇ ಇದ್ದದ್ದೂ ಇದೆ, ಮೇಡಂ."

"ಅದು ನನಗೆ ಬೇಡ. ಅದು ತನ್ನ ತಮ್ಮ ಅಲ್ಲ ಅಂತ ಅಪ್ಪನೇ ಹೇಳಿದರು. ನಾನಂತೂ ಚಿಕ್ಕಪ್ಪನನ್ನು ನೋಡಿದವಳೇ ಅಲ್ಲ."

"ಒಂದು ಹಾಡು ಕೇಳಿ. ಆಮೇಲೆ ಬೇಕಾದರೆ ಇಲ್ಲೇ ಅಳಿಸುತ್ತೇನೆ."

ಯಾಕೆ ಅಷ್ಟು ಒತ್ತಾಯ ಮಾಡಿದೆನೋ ಗೊತ್ತಿಲ್ಲ. ಅವರು ನಿಂತುಕೊಂಡೇ ಹೆಡ್‌ಫೋನು ಹಾಕಿಕೊಂಡರು. ನಾನು ಅಳಿಸದ ಪ್ರತಿಯ ಮೊದಲ ಹಾಡು ಹಾಕಿದೆ. ಸಂಗೀತ ಶುರುವಾಗಿ ಹುಡುಗ ಹಾಡಲು ಬಾಯಿ ತೆರೆಯುವ ಮೊದಲೇ ಅವರ ಕೈ ಮೇಜಿನ ಅಂಚನ್ನು ಹಿಡಿಯಿತು.

"ಹಿಂದಕ್ಕೆ ಹಾಕಿ" ಎಂದರು. ಹಾಕಿದೆ. ಮತ್ತೆ ಹಿಂದಕ್ಕೆ ಹಾಕಿಸಿದರು. ಮೂರು ಸಲ ಅವರು ಕೇಳಿದ್ದು ಹಾಡನ್ನಲ್ಲ, ಅದರ ಮುಂಚಿನ ಆ ಎರಡು ಉಸಿರನ್ನು. ಆಮೇಲೆ ಸ್ಟೂಲು ಎಳೆದು ಕೂತರು.

"ಇದು ಅಪ್ಪ" ಎಂದರು. "ಅಪ್ಪ ಮಾತು ಶುರುಮಾಡುವ ಮುಂಚೆ ಹೀಗೇ ಮಾಡುತ್ತಿದ್ದರು. ಕಾಯಿಲೆ ಬರುವುದಕ್ಕೂ ಮೊದಲು, ನಾನು ಚಿಕ್ಕವಳಿದ್ದಾಗಿನಿಂದ. ಫೋನು ಎತ್ತಿದರೆ ಹಲೋ ಅನ್ನುವ ಮೊದಲೇ ಅಪ್ಪ ಅಂತ ಗೊತ್ತಾಗುತ್ತಿತ್ತು. ಹಾಗೆ ಮಾಡುವುದು ಅವರಿಗೆ ಮಾತ್ರ ಗೊತ್ತಿರಲಿಲ್ಲ. ಅಣ್ಣ ತಮ್ಮ ಇಬ್ಬರಿಗೂ ಒಂದೇ ಉಸಿರು."

ಐದು ಹಾಡನ್ನೂ ಅವರು ಅಲ್ಲೇ ಕೂತು ಕೇಳಿದರು. ಕೊನೆಯ ನಗು ಬಂದಾಗ ಅವರಿಗೆ ಅಳು ತಡೆಯಲಾಗಲಿಲ್ಲ, ಹೆಡ್‌ಫೋನು ತೆಗೆಯದೆಯೇ ಅತ್ತರು. ಆಮೇಲೆ ಪೆಟ್ಟಿಗೆಯ ಮುಚ್ಚಳ ತೆರೆದು, ಮುರಿದ ತುಂಡುಗಳ ಲಕೋಟೆಯನ್ನು ಕೈಗೆತ್ತಿಕೊಂಡರು.

"ಇದರಲ್ಲೂ ಹೀಗೇ ಇತ್ತಾ?"

"ಇದ್ದಿರಬೇಕು, ಮೇಡಂ" ಎಂದೆ. "ಇದರಲ್ಲಿ ಆರು ಹಾಡಿದ್ದವು."